ಭಯದ ಬೆಟ್ಟದಿಂದ ಬಂದ ಹಾಡುಗಳು

ಪ್ರಶ್ನೆ: ‘ದೆನ್‌ಎನ್ ನಿ ಶಿಸು’ ಎಂಬ 1974ರ ಜಪಾನಿ ಚಿತ್ರದ ಹಾಡುಗಳ ಎಲ್‌ಪಿಯೊಂದನ್ನು ಹಳೆಯ ರೆಕಾರ್ಡುಗಳ ವ್ಯಾಪಾರಿಯೊಬ್ಬರು ನನಗೆ ತೋರಿಸಿದರು. ‘ಸೈಕಡೆಲಿಕ್ ಫೋಕ್, ಅತಿ ಅಪರೂಪ’ ಎಂದು ಹೇಳಿ, ನನ್ನ ಒಂದು ತಿಂಗಳ ಸಂಬಳಕ್ಕೆ ಸಮೀಪದ ಬೆಲೆ ಕೇಳುತ್ತಿದ್ದಾರೆ. ಅವರು ನುಡಿಸಿದ ಎರಡು ಹಾಡುಗಳು ನನಗೆ ಭಜನೆಯಂತೆಯೂ ರಾಕ್ ಸಂಗೀತದಂತೆಯೂ ಮಕ್ಕಳ ಆಟದ ಹಾಡಿನಂತೆಯೂ ಕೇಳಿಸಿದವು. ಇದು ಜಪಾನಿನ ಜನಪದ ಸಂಗೀತವೇ? ಇಷ್ಟು ಅಪರೂಪವಾದದ್ದು ಹೇಗೆ? ಕೊಳ್ಳಬಹುದೇ? ಜಪಾನಿ ಭಾಷೆ ಬಾರದವನು ಕೇಳಿ ಪ್ರಯೋಜನವಿದೆಯೇ?

ಉತ್ತರ: ಭಜನೆ, ರಾಕ್, ಮಕ್ಕಳ ಹಾಡು ಎಂದು ನಿಮ್ಮ ಕಿವಿ ಗುರುತಿಸಿದ ಮೂರೂ ಸರಿ, ವ್ಯಾಪಾರಿ ಹೇಳಿದ ‘ಸೈಕಡೆಲಿಕ್’, ‘ಫೋಕ್’ ಎಂಬ ಎರಡು ಪದಗಳು ಮಾತ್ರ ತಲಾ ಅರ್ಧ ಸರಿ. ಬೆಲೆಯ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಮುಂಗಡ ಕೊಡಬೇಡಿ. ಈ ಧ್ವನಿಮುದ್ರಿಕೆ ಏನು ಎಂಬುದು ತಿಳಿಯದೆ ಅದರ ಬೆಲೆ ಹೆಚ್ಚೋ ಕಡಿಮೆಯೋ ಎಂದು ತೀರ್ಮಾನಿಸುವುದು ಸಾಧ್ಯವಿಲ್ಲ, ಮತ್ತು ಇದು ಏನು ಎಂಬುದು ಹೊರಕವಚದ ಮೇಲೆ ಅಂಟಿಸಿದ ಎರಡು ಇಂಗ್ಲಿಷ್ ಪದಗಳಿಂದ ತಿಳಿಯುವಂಥದಲ್ಲ.

ಚಿತ್ರದ ಹೆಸರನ್ನು ‘ಹೊಲಗದ್ದೆಗಳ ನಾಡಿನಲ್ಲಿ ಸಾಯುವುದು’ ಎಂದು ಕನ್ನಡಿಸಬಹುದು. ನಿರ್ದೇಶಕರು ತೆರಾಯಾಮಾ ಶೂಜಿ (ಜಪಾನಿನ ಪದ್ಧತಿಯಂತೆ ಮನೆತನದ ಹೆಸರನ್ನು ಮೊದಲು ಬರೆಯುತ್ತಿದ್ದೇನೆ). 1935ರಲ್ಲಿ ಜಪಾನಿನ ಮುಖ್ಯ ದ್ವೀಪದ ಉತ್ತರ ತುದಿಯಲ್ಲಿರುವ ಆಓಮೋರಿ ಪ್ರಾಂತ್ಯದಲ್ಲಿ ಹುಟ್ಟಿದ ಇವರು ಮೊದಲು ಹೆಸರಾದದ್ದು ಕವಿಯಾಗಿ, ಅದೂ ಹದಿನೆಂಟರ ವಯಸ್ಸಿನಲ್ಲಿ, ಐದು-ಏಳು-ಐದು-ಏಳು-ಏಳು ಎಂಬ ಲೆಕ್ಕದ ತಾಂಕಾ ಎಂಬ ಪುಟ್ಟ ಪದ್ಯಗಳಿಂದ. 1965ರಲ್ಲಿ ಪ್ರಕಟವಾದ ಅವರ ತಾಂಕಾ ಸಂಕಲನದ ಹೆಸರೂ ‘ದೆನ್‌ಎನ್ ನಿ ಶಿಸು’ ಎಂದೇ. ಒಂಬತ್ತು ವರ್ಷಗಳ ನಂತರ ಅದೇ ಹೆಸರಿನಲ್ಲಿ, ಅವೇ ಪದ್ಯಗಳನ್ನು ನಡುನಡುವೆ ಓದಿಸುತ್ತ, ಈ ಚಿತ್ರವನ್ನು ಮಾಡಿದರು. ಯುದ್ಧಕ್ಕೆ ಹೋದ ಅವರ ತಂದೆ 1945ರಲ್ಲಿ ಸೆಲೆಬಿಸ್ ದ್ವೀಪದಲ್ಲಿ (ಇಂದಿನ ಇಂಡೊನೇಷ್ಯಾದ ಸುಲಾವೆಸಿ) ತೀರಿಕೊಂಡರು, ತಾಯಿ ಅಮೆರಿಕನ್ ಸೇನಾ ನೆಲೆಯಲ್ಲಿ ದುಡಿದು ಮಗನನ್ನು ಸಾಕಿದರು. ಚಿತ್ರದಲ್ಲಿಯೂ ತಂದೆಯಿಲ್ಲದ ಹುಡುಗನಿದ್ದಾನೆ, ಬಿಡದೆ ಹಿಡಿದುಕೊಳ್ಳುವ ತಾಯಿಯಿದ್ದಾಳೆ. ಹಾಗೆಂದು ಇದನ್ನು ಆತ್ಮಕಥೆ ಎಂದು ನಂಬಿಬಿಟ್ಟರೆ ಮೋಸ ಹೋಗುತ್ತೀರಿ: ತಾಯಿ ಗಟ್ಟಿಯಾಗಿ ಬದುಕಿರುವಾಗಲೇ ಆಕೆ ಸತ್ತುಹೋದಂತೆ ಪದ್ಯ ಬರೆದ ಮನುಷ್ಯ ಈತ, ಮತ್ತು ಆ ತಾಯಿ ಮಗನಿಗಿಂತ ಹೆಚ್ಚು ಕಾಲ ಬಾಳಿದರು. ಸ್ವಂತ ನೆನಪನ್ನು ತಿದ್ದಿ ಬರೆಯುವ ಹಕ್ಕು ಮನುಷ್ಯನಿಗೆ ಇದೆಯೇ ಎಂಬುದೇ ಚಿತ್ರದ ವಸ್ತು. ಅರ್ಧ ಕಥೆ ಸಾಗಿದ ಮೇಲೆ ಪರದೆ ನಿಂತು, ಇದುವರೆಗೆ ನೋಡಿದ್ದು ಒಬ್ಬ ನಿರ್ದೇಶಕ ತನ್ನ ಬಾಲ್ಯದ ಬಗ್ಗೆ ತೆಗೆಯುತ್ತಿರುವ ಸಿನಿಮಾ ಎಂದು ಗೊತ್ತಾಗುತ್ತದೆ. ನಂತರ ಆ ನಿರ್ದೇಶಕ ಹಿಂದಕ್ಕೆ ಹೋಗಿ, ತಾನೇ ಆಗಿದ್ದ ಹುಡುಗನನ್ನು ಎದುರಾಗುತ್ತಾನೆ.

ಈ ಎಲ್ಲವೂ ನಡೆಯುವುದು ಒಸೊರೆಝಾನ್ ಎಂಬ ಬೆಟ್ಟದ ಆಸುಪಾಸಿನಲ್ಲಿ, ಮತ್ತು ನಿಮ್ಮ ಕೈಗೆ ಬಂದಿರುವ ಹಾಡುಗಳ ಬೇರೂ ಅಲ್ಲಿಯೇ ಇದೆ. ಒಸೊರೆಝಾನ್ ಎಂದರೆ ಅಕ್ಷರಶಃ ‘ಭಯದ ಬೆಟ್ಟ’. ಆಓಮೋರಿಯ ಶಿಮೋಕಿತಾ ಪರ್ಯಾಯದ್ವೀಪದಲ್ಲಿರುವ ಇದು ಜ್ವಾಲಾಮುಖಿಯ ನೆಲ. ಬಿಳಿಚಿದ ಬಂಡೆ, ಗಂಧಕದ ವಾಸನೆ, ಪಕ್ಕದಲ್ಲಿ ಒಂದು ನಿಶ್ಚಲ ಸರೋವರ, ಮಧ್ಯೆ ಬೌದ್ಧ ದೇಗುಲ. ಸತ್ತವರು ಇಲ್ಲಿಗೆ ಬರುತ್ತಾರೆ ಎಂಬುದು ಆ ನಾಡಿನ ನಂಬಿಕೆ. ಪ್ರತಿವರ್ಷ ಜುಲೈ ತಿಂಗಳಿನ ಜಾತ್ರೆಗೆ ಇತಾಕೊ ಎಂದು ಕರೆಯಲಾಗುವ, ಸಾಂಪ್ರದಾಯಿಕವಾಗಿ ಕಣ್ಣು ಕಾಣದ ಹೆಂಗಸರು ಬಂದು ಕುಳಿತು, ಸತ್ತವರ ಮಾತನ್ನು ತಮ್ಮ ಬಾಯಿಂದ ಆಡಿಸುತ್ತಾರೆ; ಮನೆಯವರು ಎದುರಿಗೆ ಕುಳಿತು ಅಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮೈಮೇಲೆ ಬರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇತಾಕೊ ಕುಣಿಯುವುದಿಲ್ಲ, ಅಬ್ಬರಿಸುವುದಿಲ್ಲ. ಏರಿಳಿತ ಕಡಿಮೆಯಿರುವ ಒಂದೇ ಧಾಟಿಯಲ್ಲಿ ಹೇಳುತ್ತ ಹೋಗುತ್ತಾಳೆ.

ಆ ಬೆಟ್ಟದ ಬಂಡೆಗಳ ನಡುವೆ ಎಲ್ಲೆಲ್ಲಿಯೂ ಚಿಕ್ಕ ಕಲ್ಲುಗಳ ಗುಪ್ಪೆಗಳೂ ಗಾಳಿಗೆ ತಿರುಗುವ ಬಣ್ಣದ ಗಿರಗಿಟ್ಲೆಗಳೂ ಇರುತ್ತವೆ. ಅವು ಸತ್ತ ಮಕ್ಕಳಿಗಾಗಿ. ಜಪಾನಿನ ಜನಸಾಮಾನ್ಯರ ಬೌದ್ಧ ನಂಬಿಕೆಯ ಪ್ರಕಾರ, ಹೆತ್ತವರಿಗಿಂತ ಮೊದಲು ಸತ್ತ ಮಗು ಇಹ ಮತ್ತು ಪರದ ನಡುವಿನ ನದಿಯ ದಂಡೆಯಾದ ಸಾಯಿ ನೊ ಕವಾರಾದಲ್ಲಿ ಸಿಕ್ಕಿಕೊಳ್ಳುತ್ತದೆ. ಹೆತ್ತವರ ಪುಣ್ಯಕ್ಕಾಗಿ ಕಲ್ಲಿನ ಮೇಲೆ ಕಲ್ಲಿಟ್ಟು ಗೋಪುರ ಕಟ್ಟುತ್ತದೆ. ಕಟ್ಟಿ ಮುಗಿಯುವ ಹೊತ್ತಿಗೆ ರಾಕ್ಷಸರು ಬಂದು ಕೆಡವುತ್ತಾರೆ. ಕೊನೆಗೆ ಜಿಝೋ ಎಂಬ ಬೋಧಿಸತ್ವ ಬಂದು ಮಗುವನ್ನು ತನ್ನ ನಿಲುವಂಗಿಯ ಮರೆಯಲ್ಲಿ ಬಚ್ಚಿಟ್ಟುಕೊಳ್ಳುತ್ತಾನೆ. ಈ ಕಥೆಯನ್ನು ಹೇಳುವ ಹಾಡೊಂದು ಶತಮಾನಗಳಿಂದ ಹೆಂಗಸರ ಬಾಯಲ್ಲಿ ಉಳಿದುಬಂದಿದೆ. ಇಂಥ ಹಾಡುಗಳಿಗೆ ವಾಸಾನ್ ಎಂದು ಹೆಸರು: ಪಂಡಿತರ ಚೀನೀ ಭಾಷೆಯ ಸೂತ್ರಗಳಲ್ಲ, ಆಡುಮಾತಿಗೆ ಹತ್ತಿರದ ಜಪಾನಿಯಲ್ಲಿರುವ ಸ್ತುತಿಗಳು. ಊರಿನ ಹೆಂಗಸರು ಗುಂಪಾಗಿ ಕುಳಿತು, ಚಿಕ್ಕ ಗಂಟೆಯ ಬಡಿತಕ್ಕೆ ಸರಿಯಾಗಿ, ಏಕಕಂಠದಲ್ಲಿ ಹಾಡುವಂಥವು. ನಿಮಗೆ ಭಜನೆ ಕೇಳಿಸಿದ್ದು ಇಲ್ಲಿಂದಲೇ. ಈ ಧ್ವನಿಮುದ್ರಿಕೆಯಲ್ಲಿ ‘ವಾಸಾನ್’ ಎಂಬ ಹೆಸರಿನ ಹಾಡೇ ಇದೆ. ಮೊದಲ ಹಾಡಿನ ಹೆಸರು ‘ಕೊಡೊಮೊ ಬೊಸಾತ್ಸು’, ಅಂದರೆ ಬಾಲ ಬೋಧಿಸತ್ವ. ಚಿತ್ರದಲ್ಲಿ ಮದುವೆಯಿಲ್ಲದೆ ಹೆತ್ತ ಹೆಣ್ಣೊಬ್ಬಳು ಊರವರ ಬಾಯಿಗೆ ಹೆದರಿ ತನ್ನ ಕೂಸನ್ನು ನದಿಗೆ ಬಿಡಬೇಕಾಗುತ್ತದೆ, ಮತ್ತು ಹೆಣ್ಣುಮಕ್ಕಳ ಹಬ್ಬದ ಬೊಂಬೆಗಳನ್ನು ಜೋಡಿಸಿಟ್ಟ ಕೆಂಪು ಮೆಟ್ಟಿಲೊಂದು ಇಡಿಯಾಗಿ ಹೊಳೆಯಲ್ಲಿ ತೇಲಿಕೊಂಡು ಬರುತ್ತದೆ. ಇದನ್ನು ನೋಡಿದ ಮೇಲೆ ಆ ಹಾಡುಗಳನ್ನು ‘ವಿಚಿತ್ರ ಧ್ವನಿಗಳ ಮೋಜು’ ಎಂದು ಕೇಳಲು ಸಾಧ್ಯವಾಗುವುದಿಲ್ಲ.

ಇನ್ನು ರಾಕ್ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಟೋಕಿಯೋ ನಗರದ ಶಿಂಜುಕು ಬಡಾವಣೆ. ಸಂಗೀತ ಸಂಯೋಜಕರು ಜೆ. ಎ. ಸೀಜರ್, ಇದು ವೇದಿಕೆಯ ಹೆಸರು, ಹುಟ್ಟುಹೆಸರು ತೆರಾಹಾರಾ ತಕಾಆಕಿ. 1948ರಲ್ಲಿ ದಕ್ಷಿಣದ ಮಿಯಾಝಾಕಿ ಪ್ರಾಂತ್ಯದಲ್ಲಿ ಹುಟ್ಟಿ, ಟೋಕಿಯೋಗೆ ಬಂದು, ಶಿಂಜುಕು ರೈಲು ನಿಲ್ದಾಣದ ಸುತ್ತ ಕೆಲಸವಿಲ್ಲದೆ ಅಲೆಯುತ್ತಿದ್ದ, ಉದ್ದ ಕೂದಲಿನ ‘ಫೂತೆನ್’ ಹುಡುಗರಲ್ಲಿ ಒಬ್ಬರಾಗಿದ್ದವರು. ಆ ವರ್ಷಗಳ ಶಿಂಜುಕುವನ್ನು ಕಲ್ಪಿಸಿಕೊಳ್ಳಬೇಕಾದರೆ ಒಂದು ಸಂಗತಿ ಸಾಕು: 1969ರ ವಸಂತ ಮತ್ತು ಬೇಸಗೆಯಲ್ಲಿ, ನಿಲ್ದಾಣದ ಪಶ್ಚಿಮ ದ್ವಾರದ ನೆಲದಡಿಯ ಚೌಕದಲ್ಲಿ ಪ್ರತಿ ಶನಿವಾರ ಸಾವಿರಾರು ಯುವಜನರು ಗಿಟಾರ್ ಹಿಡಿದು ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಹಾಡುತ್ತಿದ್ದರು, ಪೊಲೀಸರು ಅವರನ್ನು ಚದುರಿಸಿದ್ದಲ್ಲದೆ, ಆ ಜುಲೈನಲ್ಲಿ ‘ಪಶ್ಚಿಮ ದ್ವಾರದ ಚೌಕ’ ಎಂಬ ಫಲಕ ಹೋಗಿ ‘ಪಶ್ಚಿಮ ದ್ವಾರದ ದಾರಿ’ ಎಂಬ ಫಲಕ ಬಂತು. ದಾರಿಯಾದ ಮೇಲೆ ಅಲ್ಲಿ ನಿಲ್ಲುವ ಹಾಗಿಲ್ಲ, ನಡೆಯುತ್ತಲೇ ಇರಬೇಕು!

ತೆರಾಯಾಮಾ 1967ರ ಜನವರಿ 1ರಂದು ಸ್ಥಾಪಿಸಿದ ನಾಟಕ ತಂಡದ ಹೆಸರು ತೆನ್ಜೋ ಸಾಜಿಕಿ. ರಂಗಮಂದಿರದಲ್ಲಿ ಎಲ್ಲಕ್ಕಿಂತ ಅಗ್ಗದ, ಛಾವಣಿಗೆ ತಾಗುವಂತಿರುವ ಮೇಲಂತಸ್ತಿನ ಆಸನಗಳಿಗೆ ಆ ಹೆಸರು. ಈ ತಂಡಕ್ಕೆ ಬಂದು ಸೇರಿದ ಸೀಜರ್ ಕೆಲವೇ ವರ್ಷಗಳಲ್ಲಿ ಅದರ ಪ್ರಮುಖ ಸಂಯೋಜಕರಾದರು. ಈ ತಂಡದವರಿಗೆ ಸಾವಿನ ವಿಧಿಗಳ ಮೇಲಿದ್ದ ಒಲವು ಸಿನಿಮಾಕ್ಕಾಗಿ ಹುಟ್ಟಿಸಿಕೊಂಡದ್ದಲ್ಲ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ‘ಆಶಿತಾ ನೊ ಜೋ’ ಎಂಬ ಬಾಕ್ಸಿಂಗ್ ಕಾಮಿಕ್ಸ್ ಕಥೆಯಲ್ಲಿ ರಿಕಿಇಶಿ ಎಂಬ ಪಾತ್ರ ಸತ್ತಾಗ, 1970ರ ಮಾರ್ಚ್ 24ರಂದು ಪ್ರಕಾಶಕರಾದ ಕೋದಾನ್ಶಾ ಸಂಸ್ಥೆಯ ಸಭಾಂಗಣದಲ್ಲಿಯೇ ತೆರಾಯಾಮಾ ಆ ಪಾತ್ರಕ್ಕೆ ಅಂತ್ಯಕ್ರಿಯೆ ನಡೆಸಿದರು. ಕಾಗದದ ಮೇಲೆ ಮಾತ್ರ ಇದ್ದ ಮನುಷ್ಯನಿಗಾಗಿ ನೂರಾರು ಜನ ನಿಜವಾದ ಧೂಪ ಹಾಕಿ ಹೋದರು. ಅಂಥ ತಂಡದ ಸಂಗೀತಗಾರ ಒಸೊರೆಝಾನ್‌ನ ಹಾಡಿಗೆ ಎಲೆಕ್ಟ್ರಿಕ್ ಗಿಟಾರ್ ಸೇರಿಸಿದರೆ ಅದರಲ್ಲಿ ಹಳ್ಳಿಯವರನ್ನು ನೋಡಿ ನಗುವ ಪಟ್ಟಣಿಗನ ಕುಚೋದ್ಯ ಇರುವುದಿಲ್ಲ.

ಸಂಗೀತದ ಒಳಗನ್ನು ಸ್ವಲ್ಪ ಬಿಡಿಸಿ ನೋಡೋಣ. ವಾಸಾನ್ ಪದ್ಯಗಳು ಏಳು-ಐದರ ಲೆಕ್ಕದಲ್ಲಿರುತ್ತವೆ. ಇಲ್ಲಿ ಎಣಿಸುವುದು ನಮ್ಮ ಛಂದಸ್ಸಿನ ಮಾತ್ರೆಗೆ ಬಹಳ ಹತ್ತಿರವಾದ ಒಂದು ಅಳತೆಯನ್ನು: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಅನುಸ್ವಾರದಂಥ ನಕಾರಕ್ಕೆ ಪ್ರತ್ಯೇಕವಾಗಿ ಒಂದು. ಏಳು ಮಾತ್ರೆ ಹಾಡಿ ಒಂದರಷ್ಟು ನಿಂತರೆ ಎಂಟು. ಐದು ಹಾಡಿ ಮೂರರಷ್ಟು ನಿಂತರೆ ಮತ್ತೆ ಎಂಟು. ಹೀಗಾಗಿ ಆ ಹಳೆಯ ಸ್ತುತಿ ರಾಕ್ ಡ್ರಮ್ಮಿನ ನಾಲ್ಕು ಬಡಿತದ ಚೌಕಟ್ಟಿನಲ್ಲಿ ಒಂದಿಷ್ಟೂ ಕೆತ್ತದೆ ಕೂರುತ್ತದೆ, ಮತ್ತು ಸಾಲಿನ ಕೊನೆಯ ಆ ಮೂರು ಮಾತ್ರೆಗಳ ಮೌನದಲ್ಲಿ ಗಿಟಾರ್ ಅಥವಾ ಆರ್ಗನ್ ನುಗ್ಗಲು ಜಾಗ ಸಿಗುತ್ತದೆ. ಸೀಜರ್ ಅವರ ಬಹಳಷ್ಟು ಹಾಡುಗಳು ನಿಂತಿರುವುದು ಇಂಥ ಸರಳವಾದ ಕಟ್ಟಡದ ಮೇಲೆ. ಸ್ವರಗಳ ಸಾಮರಸ್ಯದ ಹೆಣಿಗೆ ಕಡಿಮೆ. ಗುಂಪು ಒಂದೇ ಸ್ವರಸಾಲನ್ನು ಏಕಕಂಠದಲ್ಲಿ ಹಾಡುತ್ತದೆ, ಪುನರಾವರ್ತಿಸುತ್ತದೆ, ಪ್ರತಿ ಸುತ್ತಿಗೂ ದನಿ ದಪ್ಪವಾಗುತ್ತದೆ, ಫಝ್ (ನಾದವನ್ನು ಒರಟಾಗಿಸುವ ಸಾಧನ) ಹಾಕಿದ ಗಿಟಾರಿನ ಗರಗಸದಂಥ ನಾದ ಅದರ ಮೇಲೆ ಹರಡಿಕೊಳ್ಳುತ್ತದೆ.

ರಾಗಜ್ಞಾನವಿರುವ ಓದುಗರಿಗೆ ಇನ್ನೊಂದು ಸಂಗತಿ. ಜಪಾನಿನ ಪೇಟೆಗಳ ಹಳೆಯ ಶಾಮಿಸೆನ್ (ಮೂರು ತಂತಿಯ ವಾದ್ಯ) ಸಂಗೀತದಲ್ಲಿಯೂ ಅನೇಕ ಮಕ್ಕಳ ಹಾಡುಗಳಲ್ಲಿಯೂ ಬರುವ ಮಿಯಾಕೊಬುಶಿ ಎಂಬ ಐದು ಸ್ವರಗಳ ಶ್ರೇಣಿ, ಕರ್ನಾಟಕ ಸಂಗೀತದ ಹೆಸರುಗಳಲ್ಲಿ, ಸ್ಥೂಲವಾಗಿ ಷಡ್ಜ, ಶುದ್ಧ ರಿಷಭ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ. ಹಿಂದೂಸ್ತಾನಿಯಲ್ಲಿ ಗುಣಕಲಿಯ ಸ್ವರಗಳು ಇವೇ. ಅದೇ ಐದು ಸ್ವರಗಳಲ್ಲಿ ಮಧ್ಯಮವನ್ನು ಷಡ್ಜವಾಗಿಟ್ಟು ಗ್ರಹಭೇದ ಮಾಡಿದರೆ ಸಿಗುವುದು ಇಪ್ಪತ್ತನೆಯ ಶತಮಾನದ ಜಪಾನಿನ ವಿರಹದ ಸಿನಿಮಾ ಹಾಡುಗಳ ಹಾಗೂ ಎಂಕಾ ಎಂಬ ಭಾವುಕ ಜನಪ್ರಿಯ ಗೀತೆಗಳ ‘ಯೊನಾನುಕಿ’ ಮೈನರ್ ಶ್ರೇಣಿ. ಆದ್ದರಿಂದ ಜಪಾನಿನ ಕೇಳುಗನಿಗೆ ದೇಗುಲದ ಸ್ತುತಿ, ಅಂಗಳದ ಆಟದ ಹಾಡು, ಹೆಂಡದಂಗಡಿಯ ಎಂಕಾ ಇವು ಒಂದರಿಂದ ಒಂದಕ್ಕೆ ಜಾರುವುದು ಸುಲಭ. ಈ ಧ್ವನಿಮುದ್ರಿಕೆ ಆ ಜಾರುವಿಕೆಯನ್ನು ಬೇಕೆಂದೇ ಬಳಸಿಕೊಳ್ಳುತ್ತದೆ. ನಿಮಗೆ ಆಟದ ಹಾಡು ಕೇಳಿಸಿದ್ದರ ಹಿಂದೆಯೂ ಚಿತ್ರದ ಆರಂಭದ ದೃಶ್ಯವಿದೆ: ಸ್ಮಶಾನದಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಾರೆ, ಕಣ್ಣು ಮುಚ್ಚಿದ್ದ ಹುಡುಗಿ ಕಣ್ಣು ಬಿಟ್ಟಾಗ ಗೋರಿಗಳ ಹಿಂದಿನಿಂದ ಎದ್ದು ಬರುವವರು ಮಕ್ಕಳಲ್ಲ, ದೊಡ್ಡವರು.

ಎಲ್ಲವೂ ಸೀಜರ್ ಅವರದೇ ಅಲ್ಲ. ಆಓಮೋರಿಯಲ್ಲಿಯೇ 1950ರಲ್ಲಿ ಹುಟ್ಟಿದ ಮಿಕಾಮಿ ಕಾನ್ ಎಂಬ ಗಾಯಕ ಚಿತ್ರದಲ್ಲಿ ನಟಿಸಿದ್ದಾರೆ, ಅವರ ದನಿಯೂ ಇದರಲ್ಲಿದೆ. 1971ರಲ್ಲಿ ಗಿಫು ಪ್ರಾಂತ್ಯದ ನಕಾತ್ಸುಗಾವಾದಲ್ಲಿ ನಡೆದ ಫೋಕ್ ಜಾಂಬೊರಿ ಎಂಬ ಸಂಗೀತೋತ್ಸವದಲ್ಲಿ ಹಾಡಿ ಹೆಸರಾದ ಇವರ ಗಾಯನ ಗಂಟಲು ಹರಿದುಕೊಳ್ಳುವಂಥದ್ದು. ಸೀಜರ್ ಮೇಳದ ನಡುವೆ ಇವರೊಬ್ಬರ ದನಿ ಬಂದಾಗ, ಆ ಇಡೀ ಮುದ್ರಿಕೆಯಲ್ಲಿ ಆಓಮೋರಿಯ ಮಣ್ಣಿನಿಂದ ನೇರವಾಗಿ ಬಂದದ್ದು ಇದೊಂದೇ ಎನಿಸುತ್ತದೆ. ನನ್ನ ಮಟ್ಟಿಗೆ ಮುದ್ರಿಕೆಯ ಅತ್ಯುತ್ತಮ ಭಾಗ ಮೊದಲ ಹಾಡು ಮತ್ತು ಮಿಕಾಮಿಯವರ ಗಾಯನ. ಚಿತ್ರದಲ್ಲಿ ಹಳ್ಳಿಗೆ ಬರುವ ಸರ್ಕಸ್ಸಿನವರ ದೃಶ್ಯಗಳಿಗೆ ಸೇರಿದ ತುಣುಕುಗಳು ಚಿತ್ರವಿಲ್ಲದೆ ಕೇಳಿದರೆ ಸ್ವಲ್ಪ ತೆಳು; ಇದನ್ನು ಮೆಚ್ಚಿ ಬರೆಯುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಚಿತ್ರದ ಕೊನೆಯ ದೃಶ್ಯವನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ತಾಯಿಯನ್ನು ಕೊಂದು ತನ್ನ ಗತವನ್ನು ಬದಲಿಸಲು ಹೋದ ನಿರ್ದೇಶಕ ಕೊಲ್ಲಲಾರದೆ, ಆ ಹಳ್ಳಿಮನೆಯಲ್ಲಿ ತಾಯಿಯ ಎದುರು ಊಟಕ್ಕೆ ಕುಳಿತಿರುತ್ತಾನೆ. ಆಗ ಹಿಂದಿನ ಗೋಡೆ ಬಿದ್ದುಹೋಗುತ್ತದೆ. ಹೊರಗೆ ಕಾಣುವುದು ಬೆಟ್ಟವಲ್ಲ, ಹಗಲಿನ ಶಿಂಜುಕು ರಸ್ತೆ, ನಡೆದಾಡುವ ಜನ, ವಾಹನಗಳು. ತಾಯಿ ಮಗ ಊಟ ಮಾಡುತ್ತಲೇ ಇರುತ್ತಾರೆ, ಮತ್ತು ತನ್ನ ಮೂಲ ವಿಳಾಸ ಟೋಕಿಯೋದ ಶಿಂಜುಕುವಿನ ಒಸೊರೆಝಾನ್ ಎಂದು ನಿರ್ದೇಶಕನ ದನಿ ಹೇಳುತ್ತದೆ. ಬೆಟ್ಟದ ಸ್ತುತಿಗೂ ರೈಲು ನಿಲ್ದಾಣದ ಗಿಟಾರಿಗೂ ನಡುವಿನ ಗೋಡೆಯನ್ನು ಸಂಗೀತ ಆರಂಭದಿಂದಲೇ ಬೀಳಿಸಿಕೊಂಡು ಬಂದಿರುವುದರಿಂದ, ಈ ದೃಶ್ಯ ಕಣ್ಣಿಗೆ ಆಘಾತವಾದರೂ ಕಿವಿಗೆ ಆಘಾತವಲ್ಲ. ನಾನು ಈ ಮುದ್ರಿಕೆಯನ್ನು ಹಿನ್ನೆಲೆ ಸಂಗೀತ ಎಂದು ಕರೆಯಲು ಹಿಂಜರಿಯುವುದು ಇದಕ್ಕಾಗಿಯೇ: ಚಿತ್ರ ಕೊನೆಯ ನಿಮಿಷದಲ್ಲಿ ತೋರಿಸುವುದನ್ನು ಇದು ಮೊದಲ ನಿಮಿಷದಿಂದ ಹೇಳುತ್ತಿರುತ್ತದೆ.

ಈಗ ಹೆಸರುಗಳ ವಿಚಾರ. ಜಪಾನಿನಲ್ಲಿ ಪರಂಪರೆಯ ಜನಪದ ಗೀತೆಗೆ ಮಿನ್‌ಯೋ ಎನ್ನುತ್ತಾರೆ. ‘ಫೋಕು’ ಎಂದು ಇಂಗ್ಲಿಷಿನಿಂದ ತಂದ ಪದವನ್ನು ಬಳಸುವುದು 1960ರ ದಶಕದಿಂದ ಕಾಲೇಜು ಯುವಕರು ಗಿಟಾರ್ ಹಿಡಿದು ಸ್ವಂತವಾಗಿ ಬರೆದು ಹಾಡಿದ ಹಾಡುಗಳಿಗೆ. ಈ ಮುದ್ರಿಕೆ ಮಿನ್‌ಯೋ ಅಲ್ಲ, ಆದ್ದರಿಂದ ನಿಮ್ಮ ಪ್ರಶ್ನೆಯ ಅರ್ಥದಲ್ಲಿ ಜನಪದ ಸಂಗೀತವಲ್ಲ. ಮಿಕಾಮಿಯವರ ಭಾಗವನ್ನು ಬಿಟ್ಟರೆ ಫೋಕು ಕೂಡ ಅಲ್ಲ. ‘ಸೈಕಡೆಲಿಕ್’ ಎಂಬುದು ಗಿಟಾರಿನ ನಾದಕ್ಕೆ ಒಪ್ಪುತ್ತದೆ, ಉದ್ದೇಶಕ್ಕೆ ಒಪ್ಪುವುದಿಲ್ಲ. ಆ ಪದ ಮಾದಕ ದ್ರವ್ಯಗಳ ಅನುಭವದಿಂದ ಹುಟ್ಟಿದ್ದು. ಇಲ್ಲಿ ಪ್ರಜ್ಞೆಯನ್ನು ಅಲುಗಾಡಿಸುವುದು ಔಷಧವಲ್ಲ, ಸತ್ತವರ ಜೊತೆ ಮಾತಾಡುವ ವಿಧಿ. ಆ ಕಾಲದ ಜಪಾನೀಯರು ಈ ನಾಟಕಗಳಿಗೂ ಸಂಗೀತಕ್ಕೂ ಬಳಸಿದ ಪದ ‘ಅಂಗುರಾ’, ಅಂದರೆ ಅಂಡರ್‌ಗ್ರೌಂಡ್ ಎಂಬುದರ ಮೊಟಕು ರೂಪ. ಹುಡುಕುವುದಾದರೆ ಆ ಪದದಿಂದ ಹುಡುಕಿ, ಹೆಚ್ಚು ಸಿಗುತ್ತದೆ.

ಅಪರೂಪವಾದದ್ದು ಹೇಗೆ? ಮೊದಲ ಕಾರಣ ಚಿತ್ರದ ಅರ್ಥಶಾಸ್ತ್ರ. ಇದನ್ನು ತೆರಾಯಾಮಾ ಅವರ ಸ್ವಂತ ನಿರ್ಮಾಣ ಸಂಸ್ಥೆಯೂ ಆರ್ಟ್ ಥಿಯೇಟರ್ ಗಿಲ್ಡ್ ಸಂಸ್ಥೆಯೂ ಕೂಡಿ ಮಾಡಿದವು. 1961ರಲ್ಲಿ ವಿದೇಶೀ ಕಲಾತ್ಮಕ ಚಿತ್ರಗಳನ್ನು ತೋರಿಸಲು ಆರಂಭವಾದ ಗಿಲ್ಡ್, ದಶಕದ ಕೊನೆಗೆ ‘ಒಂದು ಕೋಟಿ ಯೆನ್ ಸಿನಿಮಾ’ ಎಂಬ ಪದ್ಧತಿಯನ್ನು ತಂದಿತು: ಅರ್ಧ ಹಣ ಗಿಲ್ಡ್ ಹಾಕಬೇಕು, ಇನ್ನರ್ಧವನ್ನು ನಿರ್ದೇಶಕರ ಕಡೆಯವರು ಹೊಂದಿಸಬೇಕು. ದೊಡ್ಡ ಸ್ಟುಡಿಯೋಗಳ ಖರ್ಚಿಗೆ ಹೋಲಿಸಿದರೆ ಇದು ಬಹಳ ಚಿಕ್ಕ ಮೊತ್ತ; ಅದಕ್ಕೆ ತಕ್ಕಂತೆ ಚಿತ್ರಗಳು ಬೆರಳೆಣಿಕೆಯ ಚಿತ್ರಮಂದಿರಗಳಲ್ಲಿ ಮಾತ್ರ ನಡೆಯುತ್ತಿದ್ದವು. 1974ರ ಡಿಸೆಂಬರ್ 28ರಂದು ತೆರೆಕಂಡ ಈ ಚಿತ್ರ ಮರುವರ್ಷ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗಕ್ಕೆ ಹೋಯಿತು. ಆದರೆ ಉತ್ಸವದ ಕೀರ್ತಿ ರೆಕಾರ್ಡಿನ ಮಾರಾಟವಾಗಿ ಬದಲಾಗುವುದು ಅಪರೂಪ. ಹಾಡುಗಳನ್ನು ಎಲ್‌ಪಿಯಾಗಿ ತಂದದ್ದು ಸಿಬಿಎಸ್/ಸೋನಿ ಎಂಬ ದೊಡ್ಡ ಕಂಪನಿಯೇ. ಆದ್ದರಿಂದ ಇದು ಗೆಳೆಯರ ಬಳಗಕ್ಕಾಗಿ ನೂರು ಪ್ರತಿ ಒತ್ತಿಸಿದಂಥ ರೆಕಾರ್ಡ್ ಅಲ್ಲ. ವ್ಯಾಪಾರಿ ಹಾಗೆ ಹೇಳಿದರೆ ನಂಬಬೇಡಿ.

ಎರಡನೆಯ ಕಾರಣ, ಬೇಡಿಕೆ ಬಹಳ ತಡವಾಗಿ ಬಂದದ್ದು. ತೆರಾಯಾಮಾ 1983ರ ಮೇ 4ರಂದು, ನಲವತ್ತೇಳರ ವಯಸ್ಸಿನಲ್ಲಿ ತೀರಿಕೊಂಡರು, ತಂಡ ಮುಚ್ಚಿತು, ಸೀಜರ್ ‘ಬಾನ್‌ಯೂ ಇನ್‌ರ್ಯೊಕು’, ಅಂದರೆ ಗುರುತ್ವಾಕರ್ಷಣೆ, ಎಂಬ ತಮ್ಮದೇ ತಂಡ ಕಟ್ಟಿ ನಾಟಕ ಮುಂದುವರಿಸಿದರು. 1997ರಲ್ಲಿ ‘ಶೋಜೊ ಕಾಕುಮೇ ಉತೆನಾ’ ಎಂಬ ದೂರದರ್ಶನದ ಅನಿಮೇಷನ್ ಸರಣಿಯ ದ್ವಂದ್ವಯುದ್ಧದ ದೃಶ್ಯಗಳಿಗೆ ಅವರ ಮೇಳಗೀತೆಗಳನ್ನು ಬಳಸಿದಾಗ, ಅಂಗುರಾ ಎಂಬ ಪದವನ್ನೇ ಕೇಳಿರದ ಒಂದು ತಲೆಮಾರು ಈ ದನಿಗೆ ಮಾರುಹೋಯಿತು. ಮುಂದೆ ಯುರೋಪು, ಅಮೆರಿಕದ ಸಂಗ್ರಾಹಕರು 1970ರ ದಶಕದ ಜಪಾನಿ ರಾಕ್ ಹಿಂದೆ ಬಿದ್ದರು. 2007ರಲ್ಲಿ ಇಂಗ್ಲೆಂಡಿನ ಸಂಗೀತಗಾರ ಜೂಲಿಯನ್ ಕೋಪ್ ಆ ಬಗ್ಗೆ ಬರೆದ ಪುಸ್ತಕ ಸೀಜರ್ ಅವರನ್ನು ಬಹಳ ಎತ್ತರದಲ್ಲಿಟ್ಟಿತು. ಹೀಗೆ ಮೂವತ್ತು ವರ್ಷ ಕಪಾಟಿನಲ್ಲಿ ಸುಮ್ಮನಿದ್ದ ರೆಕಾರ್ಡು ದುಬಾರಿಯಾಯಿತು. ಪ್ರತಿಗಳು ಹೆಚ್ಚಲಿಲ್ಲ, ಬೇಕೆನ್ನುವವರು ಹೆಚ್ಚಿದರು, ಅಷ್ಟೆ.

ಮೂಲ ಪ್ರತಿಯನ್ನು ಗುರುತಿಸುವ ಬಗ್ಗೆ ನೀವು ಕೇಳಿಲ್ಲ, ಆದರೆ ಆ ಬೆಲೆಗೆ ಅದು ತಿಳಿದಿರಲೇಬೇಕು. ಜಪಾನಿ ಎಲ್‌ಪಿಯ ಹೊರಕವಚಕ್ಕೆ ‘ಓಬಿ’ ಎಂಬ ಕಾಗದದ ಪಟ್ಟಿ ಸುತ್ತಿರುತ್ತದೆ. ಕಿಮೊನೊ ಉಡುಪಿನ ಸೊಂಟಪಟ್ಟಿಯ ಹೆಸರು ಅದಕ್ಕೆ. ಬೆಲೆಯೂ ಜಾಹೀರಾತೂ ಅದರ ಮೇಲೆಯೇ ಇರುತ್ತಿದ್ದುದರಿಂದ, ಕೊಂಡವರು ಅನೇಕರು ಹರಿದು ಎಸೆದರು. ಅದಕ್ಕಾಗಿಯೇ ಓಬಿ ಉಳಿದ ಪ್ರತಿಗೆ ಬೆಲೆ ಬಹಳ ಹೆಚ್ಚು. ಪಟ್ಟಿಯ ಮೇಲಿನ ಬೆಲೆಯನ್ನು ನೋಡಿ: ಜಪಾನಿನಲ್ಲಿ 1989ರ ಏಪ್ರಿಲ್ 1ರಿಂದ ಬಳಕೆ ತೆರಿಗೆ ಬಂತು, ಆಮೇಲಿನ ಮುದ್ರಿಕೆಗಳಲ್ಲಿ ತೆರಿಗೆ ಸೇರಿಸಿದ ಬೆಲೆ, ಸೇರಿಸದ ಬೆಲೆ ಎಂದು ಬರೆದಿರುತ್ತದೆ. ಅಂಥ ಬರಹವಾಗಲಿ ಬಾರ್‌ಕೋಡ್ ಆಗಲಿ ಕಂಡರೆ ಅದು 1970ರ ದಶಕದ್ದಲ್ಲ. ಕಂಪನಿಯ ಹೆಸರು ಸಿಬಿಎಸ್/ಸೋನಿ ಎಂದೇ ಇರಬೇಕು. 1991ರಲ್ಲಿ ಅದು ಸೋನಿ ಮ್ಯೂಸಿಕ್ ಎಂಟರ್‌ಟೈನ್‌ಮೆಂಟ್ ಆಯಿತು. ಟೋಕಿಯೋದ ದೂರವಾಣಿ ಸಂಖ್ಯೆ ಎಲ್ಲಾದರೂ ಅಚ್ಚಾಗಿದ್ದರೆ, 03ರ ನಂತರ ಏಳು ಅಂಕೆ ಇದ್ದರೆ ಹಳೆಯದು, ಎಂಟು ಇದ್ದರೆ 1991ರ ಈಚಿನದು. ರೆಕಾರ್ಡಿನ ಹಾಡು ಮುಗಿದು ಮಧ್ಯದ ಚೀಟಿಗೆ ಮೊದಲು ಬರುವ ಬರಿದಾದ ಭಾಗವನ್ನು ದೀಪಕ್ಕೆ ಓರೆಯಾಗಿ ಹಿಡಿದು, ಅಲ್ಲಿ ಒತ್ತಿರುವ ಸಂಖ್ಯೆಯನ್ನೂ ಚೀಟಿಯ ಮೇಲಿನ ಕ್ರಮಸಂಖ್ಯೆಯನ್ನೂ ಕವಚದ ಮೇಲಿನದನ್ನೂ ತಾಳೆ ನೋಡಿ. ಒಳಗೆ ಹಾಡಿನ ಸಾಹಿತ್ಯದ ಹಾಳೆ ಇದೆಯೇ ಎಂದು ಕೇಳಿ. ಕವಚಕ್ಕೆ ಒಂದು ದರ್ಜೆ, ತಟ್ಟೆಗೆ ಒಂದು ದರ್ಜೆ ಎಂದು ಬೇರೆ ಬೇರೆಯಾಗಿ ಹೇಳದ ವ್ಯಾಪಾರಿಯನ್ನು ನಾನು ನಂಬುವುದಿಲ್ಲ. ಒಮ್ಮೆ ಒಬ್ಬರು ‘ಹೊಸದರಂತಿದೆ’ ಎಂದು ಕೊಟ್ಟದ್ದು ಕವಚ ಮಾತ್ರ ಹೊಸದರಂತಿದ್ದ ರೆಕಾರ್ಡಾಗಿತ್ತು.

ಕೊಳ್ಳಬಹುದೇ ಎಂದರೆ, ನಿಮ್ಮ ಸ್ಥಿತಿಯಲ್ಲಿ ಬೇಡ ಎಂಬುದು ನನ್ನ ಸಲಹೆ. ಇದೇ ಹಾಡುಗಳು ಜಪಾನಿನಲ್ಲಿ ಸಿಡಿಯಾಗಿಯೂ ಬಂದಿವೆ. ಚಿತ್ರವೂ ಡಿವಿಡಿಯಾಗಿ ಬಂದಿದೆ. ಎರಡನ್ನೂ ತರಿಸಿದರೂ ವ್ಯಾಪಾರಿ ಕೇಳುವ ಮೊತ್ತದ ಸಣ್ಣ ಭಾಗ ಮಾತ್ರ ಖರ್ಚಾಗುತ್ತದೆ. ಹೊರದೇಶದಿಂದ ತರಿಸುವಾಗ ಕಸ್ಟಮ್ಸ್ ಸುಂಕವನ್ನು ಮೊದಲೇ ವಿಚಾರಿಸಿ. ವಿನೈಲ್ ಆದರೆ ಏಪ್ರಿಲ್-ಮೇ ತಿಂಗಳಲ್ಲಿ ತರಿಸಬೇಡಿ, ಬಿಸಿಲಿನಲ್ಲಿ ನಿಂತ ವಾಹನದೊಳಗೆ ತಟ್ಟೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಸಂಬಳದ ಹಣವನ್ನು ಮೂಲ ಪ್ರತಿಗೆ ಹಾಕುವ ಆಸೆ ಇನ್ನೂ ಉಳಿದರೆ, ಆ ಆಸೆ ಕವಚದ ಮೇಲಿನದೋ ಹಾಡಿನ ಮೇಲಿನದೋ ಎಂದು ಚಿತ್ರ ನೋಡಿದ ಮೇಲೆ ಕೇಳಿಕೊಳ್ಳಿ. ಕವಚದ ಮೇಲಿನ ಆಸೆಯೂ ತಪ್ಪಲ್ಲ, ಆದರೆ ಅದರ ಬೆಲೆಯನ್ನು ಸಂಗೀತದ ಲೆಕ್ಕಕ್ಕೆ ಬರೆಯಬಾರದು.

ಭಾಷೆ ಬಾರದಿದ್ದರೆ ನಷ್ಟವಿದೆ, ಏಕೆಂದರೆ ಸಾಹಿತ್ಯದ ಬಹುಪಾಲು ತೆರಾಯಾಮಾ ಅವರದು ಮತ್ತು ಅವರು ಮೊದಲು ಕವಿ. ಆದರೂ ಕಿವಿಗೆ ಒಂದು ಹಿಡಿಕೆ ಕೊಡಬಲ್ಲೆ. ಸತ್ತ ಮಕ್ಕಳ ಆ ಹಳೆಯ ಸ್ತುತಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಾಲು ಇದು: ‘ಹಿತೊತ್ಸು ತ್ಸುಂದೆವ, ಚಿಚಿ ನೊ ತಮೆ, ಫುತಾತ್ಸು ತ್ಸುಂದೆವ, ಹಹ ನೊ ತಮೆ.’ ಒಂದು ಕಲ್ಲಿಟ್ಟೆ, ತಂದೆಗಾಗಿ. ಎರಡು ಕಲ್ಲಿಟ್ಟೆ, ತಾಯಿಗಾಗಿ. ‘ತ್ಸು’ ಎಂಬುದನ್ನು ಒಂದೇ ಮಾತ್ರೆಯಾಗಿ, ‘ತ್ಸುಂ’ ಎಂಬುದನ್ನು ಎರಡಾಗಿ ಎಣಿಸಿ, ಬೆರಳಿನಿಂದ ಮೇಜಿನ ಮೇಲೆ ತಟ್ಟುತ್ತ ಹೇಳಿಕೊಳ್ಳಿ: ಏಳು, ಒಂದರಷ್ಟು ಬಿಡುವು, ಐದು, ಮೂರರಷ್ಟು ಬಿಡುವು. ನಾಲ್ಕಾರು ಸಲ ಹೀಗೆ ಮಾಡಿದ ಮೇಲೆ ‘ವಾಸಾನ್’ ಎಂಬ ಹಾಡನ್ನು ಹಾಕಿ, ಬೆರಳು ನಿಲ್ಲಿಸದೆ ಕೇಳಿ.